ಅಯ್ಯನವರ ಹೆಬ್ಬೆರಳು

ಜೂನ್ 8, ಶನಿವಾರ

ಬೆಳಗಿನ ಸೇವೆ ಮುಗಿಯಿತು. ಬಿಸಿನೀರಿನಲ್ಲಿ ಕಾಲು ಅದ್ದು, ಒರೆಸು, ಅರದಿಂದ ಉಗುರು ತಿಕ್ಕು, ಪೌಡರ್, ಸಾಕ್ಸ್. "ಲಿಂಗಪೂಜಿಗೆ ಇಷ್ಟೊತ್ತು ಕುಂದ್ರೂದಿಲ್ಲ ನೀವು," ಎಂದಳು ರಾಜಶ್ರೀ. ಹೆಂಡತಿ ಹೇಳಿದ್ದು ನಿಜ. ಅದಕ್ಕೇ ಸಿಟ್ಟು ಬಂತು.

ಹತ್ತಕ್ಕೆ ಜಯನಗರದ ಸ್ಕಿನ್ ಕ್ಲಿನಿಕ್. ಮೊದಲ ಲೇಸರ್ ಸೆಷನ್. ಫಂಗಸ್‌ಗೆ ಮಾತ್ರೆ ಕೊಡಲು ಬರುವುದಿಲ್ಲವಂತೆ, ರಕ್ತಪರೀಕ್ಷೆಯಲ್ಲಿ ಲಿವರ್ ಸರಿ ಬಂದಿಲ್ಲ. ಎರಡೂ ಹೆಬ್ಬೆರಳ ಉಗುರು ದಪ್ಪ, ಹಳದಿ, ಅಂಚಿನಲ್ಲಿ ಹಳೇ ಗೋಡೆಯ ಸುಣ್ಣದ ಹಾಗೆ ಉದುರುತ್ತವೆ. ಡಾಕ್ಟರ್ ಉಮಾಶ್ರೀ ನನಗೊಂದು ಕಪ್ಪು ಕನ್ನಡಕ ಹಾಕಿಸಿ, ಪೆನ್ನಿನಂಥದ್ದನ್ನು ಉಗುರಿನ ಮೇಲೆ ಓಡಿಸಿದರು. ಮೊದಲು ಬೆಚ್ಚಗೆ. ಆಮೇಲೆ ಒಗ್ಗರಣೆ ಸಿಡಿದ ಹಾಗೆ.

"ಎಷ್ಟ್ ವರ್ಷದಿಂದ ಇದೆ ಸಾರ್?"

"ಹನ್ನೆರಡು ಆಗಿರಬೇಕ್ರಿ ಮೇಡಂ."

"ಅಯ್ಯೋ, ಮೊದ್ಲೇ ಬರ್ಬಾರ್ದಿತ್ತಾ?"

"ಸಾಕ್ಸ್ ಒಳಗಿದ್ದದ್ದು ಯಾರಿಗೆ ಕಾಣ್ತೈತ್ರಿ."

"ಮತ್ತೆ ಈಗ ಯಾರಿಗ್ ಕಾಣ್ಬೇಕು?"

ನಕ್ಕುಬಿಟ್ಟೆ.

ಜೂನ್ 9, ಭಾನುವಾರ

ಅಪ್ಪ ಇದ್ದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ನಮ್ಮದು ಜಂಗಮರ ಮನೆತನ, ಹಿರೇಮಠದವರು. ಶ್ರಾವಣ ಬಂತೆಂದರೆ ಗದಗಿನಿಂದ ಬಸ್ ಹತ್ತಿ ಬರುತ್ತಿದ್ದ. ಇಲ್ಲಿರುವ ನಮ್ಮ ಕಡೆಯ ಭಕ್ತರ ಮನೆಗಳಲ್ಲಿ ಹಿತ್ತಾಳೆ ತಟ್ಟೆಯೊಳಗೆ ಪಾದ ಇಡುತ್ತಿದ್ದ. ಅವರು ತೊಳೆದು, ಭಸ್ಮ ಹಚ್ಚಿ, ಪತ್ರಿ ಏರಿಸಿ, ಆ ನೀರನ್ನೇ ಅಂಗೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಪಾದೋದಕ. ನಾನು ಪಕ್ಕದಲ್ಲಿ ಕೂತು ಮಂತ್ರ ಹೇಳುತ್ತಿದ್ದೆ. ಕಾಲು ಧೋತರದೊಳಗೆ ಮಡಚಿಕೊಂಡು.

ವಾರವಿಡೀ ನಾನು ಬಿ.ಟಿ.ಎಂ. ಆಫೀಸಿನಲ್ಲಿ ಬಿಲ್ ಟೈಪ್ ಮಾಡುವ ಸಿದ್ದು ಸಾರ್. ಭಾನುವಾರ ಮಾತ್ರ ಸಿದ್ದಾರೂಢ ಅಯ್ಯನವರು. ನಡೆದುಕೊಂಡು ಹೋಗುತ್ತಿತ್ತು. ಸಂಕ್ರಾಂತಿ ಮುಗಿದ ಮೇಲೆ ಅಪ್ಪ ಹೋದ. ಈಗ ತಟ್ಟೆಯಲ್ಲಿ ಇಡಬೇಕಾದ್ದು ನನ್ನ ಪಾದ.

ಹೋದ ವಾರ ಯಲ್ಲಪ್ಪ ಬಂದಿದ್ದ. ಹುಳಿಮಾವಿನಲ್ಲಿ ಮನೆ, ಕ್ಯಾಬ್ ಓಡಿಸುತ್ತಾನೆ. ಅವನ ತಾಯಿ ತಂಗೆವ್ವನಿಗೆ ರಕ್ತದ ಕ್ಯಾನ್ಸರ್. ಊರಿಂದ ಕರೆತಂದು ಕೀಮೋ ಕೊಡಿಸುತ್ತಿದ್ದಾನೆ. "ಅವ್ವಂದು ಒಂದ ಆಸೆ ಐತ್ರಿ ಅಯ್ಯಾರ. ನಿಮ್ಮ ಪಾದಪೂಜಿ ಮಾಡಿ ಪಾದೋದಕ ತಗೋಬೇಕಂತ. ಯಾವಾಗ ಬರ್ತೀರಿ?" ಹನ್ನೆರಡು ವರ್ಷ ಮುಚ್ಚಿಟ್ಟವನು ಮರುದಿನವೇ ಕ್ಲಿನಿಕ್‌ಗೆ ಫೋನ್ ಮಾಡಿದೆ.

ಜೂನ್ 16, ಭಾನುವಾರ

ಹುಳಿಮಾವಿಗೆ ಹೋಗಿ ಬಂದೆ. ತಂಗೆವ್ವ ಹಾಸಿಗೆಯಲ್ಲಿ ಸೆರಗು ಸರಿ ಮಾಡಿಕೊಳ್ಳುತ್ತ ಎದ್ದು ಕೂತಳು. ಸೊರಗಿ ಅರ್ಧ ಆಗಿದ್ದಾಳೆ. ಕೆಳಗೆ ಇಳಿಯಬೇಡ ಎಂದರೂ ಇಳಿದಳು. ಬಗ್ಗಿ ನನ್ನ ಸಾಕ್ಸನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನೆಲ ಬಿರಿಯಬಾರದೇ ಅನ್ನಿಸಿತು.

"ನಿಮ್ಮ ಅಪ್ಪಾರು ನನ್ನ ಮೂರೂ ಮಕ್ಕಳಿಗೆ ಲಿಂಗ ಕಟ್ಟ್ಯಾರ. ನಮ್ಮ ಮನಿ ಅಯ್ಯಾರು ಅಂದ್ರ ನೀವ. ಇವತ್ತ ಮಾಡೂಣೇನ್ರಿ? ತಟ್ಟಿ ತೊಳದ ಇಟ್ಟೀನಿ."

"ಶ್ರಾವಣ ಬರ್ಲಿ ತಡೀ ಯವ್ವಾ. ಶ್ರಾವಣ ಸೋಮಾರ ಮಾಡಿದ್ರ ಛಲೋ."

"ಶ್ರಾವಣಕ್ಕ ನಾ ಇರ್ಬೇಕಲ್ರೀ!" ಎಂದು ನಕ್ಕಳು. ಯಲ್ಲಪ್ಪ ನಗಲಿಲ್ಲ.

ಶ್ರಾವಣಕ್ಕೆ ಇನ್ನೂ ಏಳು ವಾರ ಇದೆ. ಅಷ್ಟರಲ್ಲಿ ಉಗುರು ಸುಧಾರಿಸಬೇಕು. ಸುಧಾರಿಸುತ್ತದೆ.

ಜುಲೈ 13, ಶನಿವಾರ

ಎರಡನೇ ಸೆಷನ್. ಬುಡದಲ್ಲಿ ಭತ್ತದ ಕಾಳಿನಷ್ಟು ಹೊಸ ಉಗುರು ಬಂದಿದೆ. ಗುಲಾಬಿ ಬಣ್ಣ. ಹೋದ ಸಲದ ಫೋಟೊ ಪಕ್ಕಕ್ಕಿಟ್ಟು ತೋರಿಸಿದರು. "ಸಖತ್ ರೆಸ್ಪಾನ್ಸ್ ಸಾರ್, ಹೀಗೇ ಇದ್ರೆ ವರ್ಷದಲ್ಲಿ ಪೂರ್ತಿ ಕ್ಲಿಯರ್."

"ವರ್ಷಾ?"

"ಕಾಲಿನ ಉಗುರು ಬೆಳೆಯೋದೇ ನಿಧಾನ. ಲೇಸರ್ ಫಂಗಸ್ ಸಾಯಿಸುತ್ತೆ, ಉಗುರು ಎಳೆಯೋಕಾಗುತ್ತಾ?"

ಸಾಕ್ಸ್ ಹಾಕಿಕೊಳ್ಳುತ್ತ, ಮುಖ ನೋಡದೆ ಕೇಳಿಯೇಬಿಟ್ಟೆ. ಯಾರೋ ವಯಸ್ಸಾದವರು, ಕೀಮೋ ನಡೆಯುತ್ತಿದೆ, ನನ್ನ ಕಾಲು ತೊಳೆದ ನೀರು ಬಾಯಿಗೆ ಹಾಕಿಕೊಂಡರೆ... ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಗ್ಲೌಸ್ ಬಿಚ್ಚಿ ಎದುರು ಕೂತರು.

"ಕೀಮೋದಲ್ಲಿ ಬಿಳಿ ರಕ್ತಕಣದ ಕೌಂಟ್ ಬಿದ್ದಿರೋರಿಗೆ ನಾವು ಹಸಿ ಸೊಪ್ಪು ಕೂಡ ಕೊಡಬೇಡಿ ಅಂತೀವಿ, ಇನ್ಫೆಕ್ಷನ್ ಆಗುತ್ತೆ. ಬೇರೆಯವರಾಗಿದ್ರೆ ಏನೂ ಆಗಲ್ಲ ಅಂದುಬಿಡ್ತಿದ್ದೆ. ಅವರಿಗೆ ಬೇಡ ಸಾರ್. ಅವರ ಡಾಕ್ಟರೂ ಇದನ್ನೇ ಹೇಳ್ತಾರೆ."

ಇಷ್ಟು ದಿನ ನಾಚಿಕೆ ಒಂದೇ ಇತ್ತು. ಈಗ ಭಯವೂ ಸೇರಿತು.

ಜುಲೈ 14

ರಾಜಶ್ರೀಗೆ ಎಲ್ಲ ಹೇಳಿದೆ. ಕಾಯಿಪಲ್ಲೆ ಹೆಚ್ಚುತ್ತಿದ್ದಳು, ಇಳಿಗೆ ಬದಿಗಿಟ್ಟಳು.

"ಇದಕ್ಯಾಕ ಇಷ್ಟ ಒದ್ದಾಡ್ತೀರಿ? ಆಕಿಗೆ ಬಗ್ಗಾಕ ಆಗೂದಿಲ್ಲ, ಕಾಲು ನಾನ ತೊಳದು ಆ ನೀರ ಒಳಗ ಒಯ್ತೀನಿ. ಕಾಯಿಸಿ ಆರಿಸಿದ ನೀರ ಬಟ್ಟಲದಾಗ ತಂದು ಕೊಡ್ತೀನಿ. ಮುಗೀತು."

"ಆಕಿ ನಂಬಿ ಕುಡಿಯೂದು, ರಾಜಿ."

"ಆಕಿ ನಂಬಿದ್ದು ನಿಮ್ಮ ಉಗುರನ್ನಲ್ಲ."

ಸಾಯುವ ಮುದುಕಿಯ ಮುಂದೆ ಬಟ್ಟಲು ಬದಲಿಸುವ ನಾಟಕ ಆಡಲಾರೆ ಎಂದೆ. "ಹಂಗಾರ ಖರೇ ಹೇಳ್ರಿ," ಎಂದಳು. ಅದೂ ಆಗದು. ಯಲ್ಲಪ್ಪನ ಕಿವಿಗೆ ಬಿದ್ದರೆ ಎಲ್ಲ ಭಕ್ತರ ಮನೆಗೂ ಹಬ್ಬುತ್ತದೆ, ಹಿರೇಮಠದ ಅಯ್ಯನ ಕಾಲು ಕೊಳೆತಿದೆ ಅಂತ. ನಾಟಕ ಬೇಡ, ನಿಜವೂ ಬೇಡ. ಇನ್ನೇನು ಬೇಕು ನನಗೆ? "ನಿಮ್ಮಂಥಾ ಮೊಂಡರ ಜೋಡಿ ಮಾತಾಡಿ ನನ್ನ ಬಾಯಿ ನೋಯ್ತು," ಎಂದು ಇಳಿಗೆ ಎಳೆದುಕೊಂಡಳು.

ಆಗಸ್ಟ್ 5, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಬೆಳಿಗ್ಗೆಯೇ ಯಲ್ಲಪ್ಪನ ಫೋನ್. ಆಡಿಟ್ ಇದೆ, ರಜೆ ಕೊಡುತ್ತಿಲ್ಲ ಎಂದೆ. ಹಿಂದಿನಿಂದ ತಂಗೆವ್ವನ ದನಿ ಕೇಳುತ್ತಿತ್ತು: "ಆಫೀಸಿನ ಕೆಲಸ, ಪಾಪ. ಮುಂದಿನ ವಾರ ಅನ್ನು."

ಆಡಿಟ್ ಇಲ್ಲ, ಗೀಡಿಟ್ ಇಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸುಮ್ಮನೆ ಕೂತಿದ್ದೆ.

ಆಗಸ್ಟ್ 12, ಸೋಮವಾರ

ಜ್ವರ ಎಂದೆ. ಬನಶಂಕರಿ ಕಡೆ ನಮ್ಮವರೇ ಒಬ್ಬರು ಅಯ್ಯನವರು ಇದ್ದಾರೆ, ಹಿರಿಯರು, ಕಳಿಸಿಕೊಡಲೇ ಎಂದೂ ಕೇಳಿದೆ. ಯಲ್ಲಪ್ಪ ಅವ್ವನನ್ನು ಕೇಳಿ ಮತ್ತೆ ಫೋನಿಗೆ ಬಂದ.

"ಕೇಳಿದೆ ಅಯ್ಯಾರ. ಒಲ್ಲೆ ಅಂತಾಳ. ನಮ್ಮ ಅಯ್ಯಾರು ಇರಬೇಕಾದ್ರ ಮತ್ತೊಬ್ಬರ ಪಾದ ಯಾಕ ಅಂತಾಳ. ಸೋಮಾರ ಊಟಾನೂ ಬಿಟ್ಟಾಳ. ಪಾದೋದಕ ತಗೊಂಡ ಉಣ್ತೀನಿ ಅಂತ ಹಟ." ಆಮೇಲೆ ದನಿ ಇಳಿಸಿದ. "ನಮ್ಮ ಕಡಿಂದ ಏನರ ತಪ್ಪಾಗೈತೇನ್ರಿ? ಆಗಿದ್ರ ಹೇಳ್ರಿ, ಕಾಲಿಗೆ ಬೀಳ್ತೀನಿ."

ಕಾಲಿಗೆ ಬೀಳುತ್ತಾನಂತೆ. ಫೋನ್ ಇಟ್ಟು ಬಚ್ಚಲಿಗೆ ಹೋಗಿ ಅತ್ತೆ.

ಆಗಸ್ಟ್ 19, ಸೋಮವಾರ

ಇವತ್ತು ಹೇಳಿಯೇ ಬರುವುದೆಂದು ರಜೆ ಹಾಕಿ ಹೋದೆ. ಯಲ್ಲಪ್ಪ ಔಷಧಿ ತರಲು ಹೋಗಿದ್ದ. ತಂಗೆವ್ವ ಒಬ್ಬಳೇ. ಬಾಯಿ ತುಂಬ ಹುಣ್ಣು, ಮಾತು ತೊದಲುತ್ತದೆ. ಮಂಚದ ಕೆಳಗೆ ತಟ್ಟೆ ಬೆಳಗಿ ಇಟ್ಟಿದ್ದಾರೆ, ಅದರ ಮೇಲೊಂದು ಬಿಳಿ ಬಟ್ಟೆ.

"ಯವ್ವಾ, ನನ್ನ ಕಾಲು ಸರಿ ಇಲ್ಲ," ಎಂದೆ.

ಅವಳ ಮುಖ ಸಣ್ಣದಾಯಿತು. "ಅಯ್ಯ ಶಿವನ! ನೋವೇನ್ರಿ? ನಡ್ಯಾಕ ತ್ರಾಸ ಆಗ್ತೈತೇನು? ಅದಕ್ಕ ಬಂದಿಲ್ಲ ನೀವು... ನಾ ಹುಚ್ಚಿ, ಬರ್ರಿ ಬರ್ರಿ ಅಂತ ಬೆನ್ನ ಹತ್ತೀನಿ."

ಹಾಗಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ದಿಂಬಿನ ಬುಡದಿಂದ ನೋವಿನ ಎಣ್ಣೆಯ ಬಾಟಲಿ ತೆಗೆದಳು, ತನ್ನ ಮೊಣಕಾಲಿಗೆ ಇಟ್ಟುಕೊಂಡದ್ದು. "ಇದ ಹಚ್ಚಿ ತಿಕ್ಕ್ರಿ. ಆರಾಮ ಆಗ್ಲಿ ಮೊದಲ. ಕಾಲು ನೆಟ್ಟಗಾದ ಮ್ಯಾಲ ಬರ್ರಿ, ನಾ ಕಾಯ್ತೀನಿ." ಯಲ್ಲಪ್ಪ ಬಂದ ಕೂಡಲೇ ನನ್ನನ್ನು ಕಾರಿನಲ್ಲಿ ಮನೆಗೆ ಬಿಟ್ಟುಬರಲು ಹೇಳಿದಳು. ಬಿಟ್ಟುಹೋದ. ದಾರಿಯುದ್ದಕ್ಕೂ ಸಿಗ್ನಲ್‌ನಲ್ಲಿ ಹಿಂತಿರುಗಿ ನೋಡುತ್ತಿದ್ದ, ನನಗೆ ನೋವಾಗುತ್ತಿದೆಯೇನೋ ಎಂದು.

ನಾನು ಮನುಷ್ಯನೇ ಅಲ್ಲ.

ಆಗಸ್ಟ್ 24, ಶನಿವಾರ

ಮೂರನೇ ಸೆಷನ್. ಮೂರನೇ ಒಂದು ಭಾಗ ಚೊಕ್ಕವಾಗಿದೆ. ಎಲ್ಲರೂ ಖುಷಿ. ಅವರ ವೆಬ್‌ಸೈಟಿಗೆ ಫೋಟೊ ಹಾಕಲೇ ಎಂದು ಕೇಳಿದರು, ಮುಖ ಕಾಣುವುದಿಲ್ಲ, ಹೆಬ್ಬೆರಳು ಮಾತ್ರ. ಹಾಕಿಕೊಳ್ಳಿ ಎಂದೆ. ಲೋಕವೆಲ್ಲ ನೋಡಬಹುದು, ತಂಗೆವ್ವ ನೋಡಬಾರದು!

ಸೆಪ್ಟೆಂಬರ್ 1, ಭಾನುವಾರ

ತಂಗೆವ್ವ ಆರು ದಿನ ಆಸ್ಪತ್ರೆಯಲ್ಲಿದ್ದಳಂತೆ. ನನಗೆ ಹೇಳಿಲ್ಲ. "ಅಯ್ಯಾರ ಕಾಲು ಆರಾಮಿಲ್ಲ, ಹೇಳಿದ್ರ ಓಡಿ ಬರ್ತಾರ, ಬ್ಯಾಡ" ಅಂದಳಂತೆ. ಇವತ್ತು ಮನೆಗೆ ಕರೆತಂದಿದ್ದಾರೆ. ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರಂತೆ.

ರಾಜಶ್ರೀ ಏನೂ ಕೇಳದೆ ನೀರು ಕಾಯಿಸಲು ಇಟ್ಟಳು. ಆರಿದ ಮೇಲೆ ಸ್ಟೀಲ್ ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿದಳು. ನಾನೂ ಬೇಡ ಎನ್ನಲಿಲ್ಲ. ನಾಟಕವಾದರೆ ನಾಟಕ. ನಾಳೆ ಶ್ರಾವಣದ ಕೊನೆಯ ಸೋಮವಾರ. ಬೆಳಿಗ್ಗೆ ಏಳಕ್ಕೆಲ್ಲ ಬರುತ್ತೇವೆಂದು ಯಲ್ಲಪ್ಪನಿಗೆ ಹೇಳಿದೆ. ಅವನು ಅಲ್ಲೇ ಕೂಗಿ ಹೇಳಿದ್ದು ಕೇಳಿಸಿತು: "ಯವ್ವಾ, ಅಯ್ಯಾರು ನಾಳೆ ಬರ್ತಾರ!"

ಅವಳು ಏನೆಂದಳು ಎಂದು ಕೇಳಿಸಲಿಲ್ಲ.

ಸೆಪ್ಟೆಂಬರ್ 2, ಸೋಮವಾರ. ಬೆಳಿಗ್ಗೆ

ಸ್ನಾನ ಮುಗಿಸಿ ಧೋತರ ಉಡುತ್ತಿದ್ದೆ. ಫೋನ್ ರಾಜಶ್ರೀ ಎತ್ತಿದಳು. ಅವಳ ಮುಖ ನೋಡಿಯೇ ತಿಳಿಯಿತು. ತಂಗೆವ್ವ ಬೆಳಗಿನ ಜಾವ ಹೋದಳಂತೆ.

ಯಲ್ಲಪ್ಪ ಅಳುತ್ತಿರಲಿಲ್ಲ. ದನಿ ಒಣಗಿತ್ತು. "ಮಧ್ಯಾಹ್ನಕ್ಕ ಮಣ್ಣು ಮಾಡ್ತೀವ್ರಿ. ನೀವ ಬಂದು ಪಾದ ಇಡಬೇಕು ಅಯ್ಯಾರ. ಬಾಯಾಗ ಪಾದೋದಕ ಬಿಡಬೇಕು. ಅದನ್ನ ಕೇಳ್ತಾ ಕೇಳ್ತಾ ಹೋದ್ಲು."

ನಮ್ಮಲ್ಲಿ ಹಾಗೆಯೇ. ಹೆಣವನ್ನು ಕೂರಿಸಿ, ಭಸ್ಮ ಹಚ್ಚಿ, ಮನೆಯ ಅಯ್ಯ ಬಲಪಾದವನ್ನು ಅದರ ತಲೆಯ ಮೇಲೆ ಇಡಬೇಕು. ಬರಿಗಾಲು. ಆ ಕಾಲು ತೊಳೆದ ನೀರನ್ನು ಬಾಯಿಗೆ ಬಿಡಬೇಕು. ಆಮೇಲೇ ಎತ್ತುವುದು. ಅಪ್ಪ ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವಳು ಹೋದ ದಿನ ಸಾಕ್ಸ್ ಬಿಚ್ಚಲೇಬೇಕೆಂಬುದು ಇಷ್ಟು ದಿನ ಹೊಳೆದೇ ಇರಲಿಲ್ಲ ಎಂದರೆ ಸುಳ್ಳು. ಹೊಳೆದಾಗಲೆಲ್ಲ ಬೇರೆ ಯಾವುದೋ ಮಾತು ತೆಗೆಯುತ್ತಿದ್ದೆ.

ರಾಜಶ್ರೀ ಸ್ಟೀಲ್ ಬಾಟಲಿ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಸಿಂಕಿಗೆ ಸುರಿದಳು. ಸುರಿಯುವ ಸದ್ದು ಇಲ್ಲಿಗೆ ಕೇಳಿಸಿತು. ಈಗ ಅದು ಯಾಕೆ? ಈಗ ಬೇಡ ಎನ್ನಲು ಯಾವ ಡಾಕ್ಟರೂ ಇಲ್ಲ. ತಂಗೆವ್ವನಿಗೆ ಇನ್ನು ಏನೂ ಆಗುವುದಿಲ್ಲ.

ಕಾಲು ನೋಡಿಕೊಂಡೆ. ಬುಡದಲ್ಲಿ ಗುಲಾಬಿ, ತುದಿಯಲ್ಲಿ ಅದೇ ಹಳದಿ. ಓಣಿಯವರೆಲ್ಲ ಸುತ್ತ ನಿಂತಿರುತ್ತಾರೆ. ಯಲ್ಲಪ್ಪ ತನ್ನ ಕೈಯಾರೆ ತೊಳೆಯುತ್ತಾನೆ, ನೋಡುತ್ತಾನೆ. ನೋಡಿದ ಕೂಡಲೇ ಅವನಿಗೆ ಆಡಿಟ್ಟೂ ತಿಳಿಯುತ್ತದೆ, ಜ್ವರವೂ ತಿಳಿಯುತ್ತದೆ. ತಿಳಿಯಲಿ. ಇದೇ ಉಗುರು, ಇದೇ ನೀರು. ಇವತ್ತು ಸತ್ತ ಬಾಯಿಗೆ ಬಿಡಬಹುದಾದರೆ, ಬದುಕಿದ್ದಾಗ ಅವಳ ಎದುರು ಕೂತು ಸಾಕ್ಸ್ ಬಿಚ್ಚಿ, ಯವ್ವಾ ನೋಡು ಅಂತ ಒಂದೇ ಒಂದು ಸಲ ಹೇಳಬಹುದಿತ್ತಲ್ಲ.