ಬಳೆಗಳ ನಡುವೆ ತೂಗಿದ ಬಂದೂಕಿನ ನಳಿಗೆ

ತನಿಖಾಧಿಕಾರಿಗಳೇ,

ಈ ಬೆಳಿಗ್ಗೆ ಬನ್ನಿಗಿಡದ ಕ್ರಾಸಿನಲ್ಲಿ ಬಸ್ಸಿಗೆ ನಿಂತಿದ್ದಾಗ ಲಾಲ್‌ಬೀಯ ಬಳೆ ಅಂಗಡಿಯ ಕಟ್ಟೆಯ ಮೇಲೆ ಹೊಸದೊಂದು ಪಾರ್ಸೆಲ್ ಡಬ್ಬ ಕಂಡಿತು. ಶಟರಿಗೆ ನೀವು ಹಚ್ಚಿಸಿದ ಅರಗಿನ ಮುದ್ರೆ ಹಾಗೆಯೇ ಇದೆ. ಡಬ್ಬ ಅದರ ಕೆಳಗೇ ಶಟರಿಗೆ ಒರಗಿಕೊಂಡು ಕೂತಿತ್ತು. ಬಗ್ಗಿ ಓದಿದೆ. ನಿಮ್ಮದೇ ಠಾಣೆಯ ಪೇದೆಯೊಬ್ಬರ ಹೆಸರು, ಅದರ ಕೆಳಗೆ: ಕೇರಾಫ್ ಲಾಲ್‌ಬೀ, ಬಳೆ ಅಂಗಡಿ, ಬನ್ನಿಗಿಡದ ಕ್ರಾಸ್, ಮಸ್ಕಿ ರೋಡ್. ಇಂಥದೇ ಒಂದು ಸಾಲಿನ ಆಧಾರದ ಮೇಲೆ, ಬಂದೂಕಿನ ಬಿಡಿಭಾಗಗಳನ್ನು ಪಾರ್ಸೆಲ್ಲಿನಲ್ಲಿ ತರಿಸಿ ಬಚ್ಚಿಟ್ಟಳೆಂದು ಲಾಲ್‌ಬೀಯನ್ನು ನೀವು ಆರೋಪಿ ಮಾಡಿದ್ದೀರಿ. ನಿಮ್ಮ ಪೇದೆಯವರ ಡಬ್ಬದಲ್ಲಿ ಮಿಕ್ಸರಿನ ಜಾರ್ ಇದೆಯೋ, ಮಗುವಿನ ಸೈಕಲ್ಲಿನ ಗಂಟೆ ಇದೆಯೋ ನನಗೆ ತಿಳಿಯದು. ಲಾಲ್‌ಬೀಗಂತೂ ತಿಳಿಯದು. ಆಕೆ ಆ ಹೊತ್ತಿಗೆ ಜಾಮೀನಿನ ಷರತ್ತಿನ ಪ್ರಕಾರ ವಾರದ ಹೆಬ್ಬೆಟ್ಟು ಒತ್ತಲು ನಿಮ್ಮ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು.

ಮುಂದಿನ ಸೋಮವಾರ ಲಿಂಗಸುಗೂರಿನ ನ್ಯಾಯಾಲಯದಲ್ಲಿ ನೀವು ದೋಷಾರೋಪಣೆ ಸಲ್ಲಿಸುವವರಿದ್ದೀರಿ ಎಂದು ಕೇಳಿದೆ. ಅದಕ್ಕೆ ಮುಂಚೆ ಈ ಬಹಿರಂಗ ಪತ್ರ. ಇದನ್ನು ನಿಮ್ಮ ಎದುರು ನಿಂತು ಹೇಳಬೇಕಿತ್ತು. ನಾಲ್ಕು ಜನರೆದುರು ನಿಂತರೆ ನನ್ನ ಗಂಟಲಿನಿಂದ ಮಾತು ಹೊರಡುವುದಿಲ್ಲ. ಅವತ್ತು ಠಾಣೆಯಲ್ಲಿ ನೀವೇ ನೋಡಿ ನಕ್ಕಿರಿ. "ಕನ್ನಡ ಎಂ.ಎ. ಮಾಡೀರಂತ, ಕನ್ನಡನ ಬರವಲ್ದಲ್ಲರೀ ಬಾಯಾಗ" ಎಂದಿರಿ. ಬರೆಯಲು ಬರುತ್ತದೆ.

ಕೇರಾಫ್ ಅಂದರೇನು ಎಂಬುದನ್ನು ಮೊದಲು ಹೇಳುತ್ತೇನೆ. ನಿಮ್ಮ ವಸತಿಗೃಹಕ್ಕೆ ಸಂಖ್ಯೆ ಇದೆ, ಬಾಗಿಲಿಗೆ ಗಂಟೆ ಇದೆ. ಕ್ರಾಸಿನಿಂದ ಒಳಗಿರುವ ನಮ್ಮ ಊರುಗಳ ಮನೆಗಳಿಗೆ ಸಂಖ್ಯೆ ಇದ್ದರೂ ಅದು ಯಾರಿಗೂ ಗೊತ್ತಿಲ್ಲ. ಕಾಲುವೆಯ ಏರಿಯ ಮೇಲೆ ಕೊರಿಯರ್ ಕಂಪನಿಯ ವ್ಯಾನು ಬರುವುದಿಲ್ಲ. ಭತ್ತದ ಗದ್ದೆಗೆ ನೀರು ಬಿಟ್ಟ ಕಾಲದಲ್ಲಿ ಟ್ರ್ಯಾಕ್ಟರೇ ಬರುವುದಿಲ್ಲ. ಸಿಂಧನೂರಿನಿಂದ ಹೊರಟ ವ್ಯಾನು ಮಸ್ಕಿಯತ್ತ ಓಡುವ ದಾರಿಯಲ್ಲಿ ನಮ್ಮ ಕ್ರಾಸಿನಲ್ಲಿ ಅರೆಗಳಿಗೆ ನಿಲ್ಲುತ್ತದೆ. ಅಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ತೆರೆದಿರುವ, ಫೋನು ಎತ್ತಿ ಮಾತಾಡುವ, ಯಾರಿಗೂ ಇಲ್ಲ ಎನ್ನದ ಒಂದೇ ಅಂಗಡಿ ಲಾಲ್‌ಬೀಯದು. ಹಾಗಾಗಿ ಸುತ್ತಲ ಊರಿನವರೆಲ್ಲ ಏನೇ ತರಿಸಿದರೂ ಆಕೆಯ ಹೆಸರು, ಆಕೆಯ ನಂಬರು ಬರೆಸುತ್ತಾರೆ. ಕೇಳಿ ಬರೆಸುತ್ತಾರೆ ಎಂದುಕೊಳ್ಳಬೇಡಿ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಈ ಊರಿನ ವಿಳಾಸವೆಂದು ಮೊದಲು ಹೇಳಿಕೊಡುವುದೇ ಅದನ್ನು. ನನ್ನ ಪುಸ್ತಕಗಳೂ ಹಾಗೇ ಬಂದವು. ಆಕೆಗೆ ಓದಲು ಬರುವುದಿಲ್ಲ. ಸಂಜೆ ಟ್ಯೂಷನ್ ಮುಗಿಸಿ ಬರುವ ನಾನು ಡಬ್ಬಗಳ ಮೇಲಿನ ಹೆಸರು ಓದುತ್ತಿದ್ದೆ, ಆಕೆ ರಸ್ತೆಗೆ ಕೂಗಿ ಹೇಳುತ್ತಿದ್ದಳು. ನನ್ನ ದನಿ ಕಟ್ಟೆಯಾಚೆ ಕೇಳಿಸುತ್ತಿರಲಿಲ್ಲವಾದ್ದರಿಂದ ನಮ್ಮಿಬ್ಬರಿಗೂ ಈ ಏರ್ಪಾಡು ಹೊಂದುತ್ತಿತ್ತು.

ಆ ಡಬ್ಬ ಬಂದದ್ದೂ ಹಾಗೆಯೇ. ಮೇಲೆ 'ವಿರೇಶ' ಎಂದಷ್ಟೇ ಇತ್ತು. ಅಪ್ಪನ ಹೆಸರಿಲ್ಲ, ಊರಿಲ್ಲ, ಕೆಳಗೆ ಕೇರಾಫ್ ಲಾಲ್‌ಬೀ. ಒಳಗಿನ ವಸ್ತು ಎಂಬಲ್ಲಿ ಸ್ಪ್ರೇಯರ್ ಬಿಡಿಭಾಗ ಎಂದಿತ್ತು.

"ಯಾ ವಿರೇಶಂದವಾ ಇದು?" ಎಂದಳು ಲಾಲ್‌ಬೀ. "ನಮ್ಮ ಕ್ರಾಸಿನ್ಯಾಗ ನಿಂತು ವಿರೇಶಾ ಅಂತ ಒದರಿದ್ರ ಅರ್ಧ ಬಸ್ಸು ಇಳೀತದ."

ಕೂಗಿದಳು. ಇಳಿದವರು ಯಾರೂ ತಮ್ಮದೆನ್ನಲಿಲ್ಲ. ಒಂದು ವಾರ ನೋಡಿ ವ್ಯಾನಿನ ಚಾಲಕನಿಗೆ ವಾಪಸ್ ಕೊಡಲು ಹೋದಳು. ಆತ ಮುಟ್ಟಲಿಲ್ಲ. "ಡೆಲಿವರಿ ಆಗ್ಯಾದಬೇ ಅಕ್ಕಾ, ಸಿಸ್ಟಮ್‌ನ್ಯಾಗ ಮುಗದು ಹೋಗ್ಯಾದ. ವಾಪಸ್ ತಗೊಳ್ಳಾಕ ಬರಂಗಿಲ್ಲ" ಎಂದ. ವಾರಸುದಾರ ಸಿಗದ ಡಬ್ಬವನ್ನು ನಾಲ್ಕು ಜನರ ಮುಂದೆ ಬಿಚ್ಚಿ ನೋಡುವುದು ನಮ್ಮ ಕ್ರಾಸಿನ ರೂಢಿ. ಸೀರೆಯಿದ್ದರೆ ಯಾರ ಮನೆಯಲ್ಲಿ ಕಾರ್ಯವಿದೆ ಎಂದು, ಔಷಧಿಯಿದ್ದರೆ ಯಾರಿಗೆ ಆರಾಮಿಲ್ಲ ಎಂದು ಯಾರಾದರೊಬ್ಬರು ಹೇಳಿಬಿಡುತ್ತಾರೆ. ಅವತ್ತು ಕತ್ತರಿ ಹಿಡಿದು ಟೇಪು ಕತ್ತರಿಸಿದವಳು ನಾನು. ಒಳಗೆ ಎಣ್ಣೆ ಸವರಿದ, ಗೇಣಿಗಿಂತ ಚಿಕ್ಕದಾದ ಒಂದು ಕಪ್ಪು ನಳಿಗೆ, ಒಂದು ಸ್ಪ್ರಿಂಗು, ಕೊಕ್ಕೆಯಂಥ ಎರಡು ತುಂಡುಗಳಿದ್ದವು.

ಪಕ್ಕದ ಚಹಾ ಅಂಗಡಿಯ ಹುಸೇನ್‌ಸಾಬ್ ಕನ್ನಡಕ ಏರಿಸಿ ನೋಡಿದ. "ಪವರ್ ಸ್ಪ್ರೇಯರಿನ ನಳಿಗಿ ಇದು. ದಢೇಸುಗೂರಾಗ ನಮ್ಮ ಅಳಿಯನ ಹಂತ್ಯಾಕ ಐತಿ ಇಂಥದ."

"ನಿಮ್ಮ ಅಳಿಯನ ಹಂತ್ಯಾಕ ಎಲ್ಲಾ ಐತಿ, ಅಕಲ್ ಒಂದ ಇಲ್ಲ" ಎಂದಳು ಲಾಲ್‌ಬೀ. "ಹೋದ ವರ್ಷ ಗದ್ದಿಗಿ ಹೊಡಿಯೋ ಎಣ್ಣಿ ತನ್ನ ಮೈಮ್ಯಾಲೆ ಹೊಡಕೊಂಡಾನಲ್ಲ, ಅವನ ಹೌದಲ್ಲೊ?"

ಎಲ್ಲರೂ ನಕ್ಕರು. ಸ್ಪ್ರೇಯರಿನ ನಳಿಗೆ ಎಂದೇ ತೀರ್ಮಾನವಾಯಿತು. ಔಷಧ ಹೊಡೆಯುವ ದಿನಗಳು. ಪಾಪ, ಯಾರದೋ ಕೆಲಸ ನಿಂತಿರಬೇಕು ಎಂದು ಲಾಲ್‌ಬೀಗೆ ಮರುಕ ಬಂತು. ದಾರಿಯಲ್ಲಿ ಹೋಗುವ ವಿರೇಶನ ಕಣ್ಣಿಗೆ ಬೀಳಲಿ ಎಂದು ಆ ನಳಿಗೆಗೆ ಕೆಂಪು ದಾರ ಕಟ್ಟಿದಳು. ಆಕೆಗೆ ಕೈ ಎಟುಕಲಿಲ್ಲ. ಹಸಿರು ಬಳೆಗಳ ಸರವೂ ಮುತ್ತಿನ ಜಡೆಬಿಲ್ಲೆಗಳೂ ತೂಗುವ ಮುಂಬಾಗಿಲ ಮೊಳೆಗೆ ಅದನ್ನು ತೂಗುಹಾಕಿದವಳೂ ನಾನೇ.

ಬಂದೂಕಿನ ನಳಿಗೆ ಹೀಗೆ ಹೆದ್ದಾರಿಗೆ ಮುಖ ಮಾಡಿ, ಬಳೆಗಳ ನಡುವೆ, ಗಾಳಿಗೆ ತೂಗಾಡುತ್ತ ಇತ್ತು. ಲಿಂಗಸುಗೂರಿಗೆ ಹೋಗುವ ಬಸ್ಸುಗಳು ಅದನ್ನು ನೋಡಿಕೊಂಡು ಹೋದವು. ಬಂದೋಬಸ್ತಿಗೆ ಹೋಗುತ್ತಿದ್ದ ನಿಮ್ಮ ಜೀಪೂ ಹೋಯಿತು. ಕೊನೆಗೆ ಹುಸೇನ್‌ಸಾಬನ ಬಳಿ ಚಹಾಕ್ಕೆ ನಿಂತ ನಿಮ್ಮ ಹವಾಲ್ದಾರರೊಬ್ಬರು ಬಟ್ಟಲು ಹಿಡಿದುಕೊಂಡೇ ಬಂದು, "ಏನಬೇ ಇದು?" ಎಂದರು. ಲಾಲ್‌ಬೀ ಖುಷಿಯಿಂದ ಕೇಳಿದಳು: "ನಿಮ್ಮದೇನ್ರೀ ಸಾಹೇಬ್ರ? ವಿರೇಶ ಅಂದ್ರ ನೀವೇನ?"

ಆ ಪ್ರಶ್ನೆಯೇ ಆಕೆಗೆ ಮುಳುವಾಯಿತು ಎಂದು ಈಗ ಅನ್ನಿಸುತ್ತದೆ. ಸಂಜೆಗೆ ನೀವು ಬಂದು, ಇದು ಸ್ಪ್ರೇಯರಿನದಲ್ಲ, ಬಂದೂಕಿನ ನಳಿಗೆ ಎಂದಿರಿ. ಅಂಗಡಿಗೆ ಮುದ್ರೆ ಬಿತ್ತು, ಆಕೆಯ ಫೋನು ಜಪ್ತಿಯಾಯಿತು, ಆಕೆ ಜೀಪು ಹತ್ತಿದಳು. ಜೀಪಿನಿಂದಲೂ ತಲೆ ಹೊರಹಾಕಿ, "ಯಮನಮ್ಮಾ, ನಿನ್ನ ಮಗಳ ಪುಸ್ತಕ ಬಂದಾವ, ಒಳಗ ಉಳದ್ವು" ಎಂದು ನನ್ನ ಅವ್ವನಿಗೆ ಕೂಗಿ ಹೇಳಿದಳು. ಇದೂ ಸಂಕೇತ ಭಾಷೆ ಇರಬಹುದೇ ಎಂದು ನೀವು ನನ್ನನ್ನು ವಿಚಾರಿಸಿದಿರಿ.

ಈಗ ನನ್ನ ಪ್ರಶ್ನೆಗಳು. ತಾನು ತರಿಸಿದ ಶಸ್ತ್ರವನ್ನು ಹೆದ್ದಾರಿಯ ಬದಿಯಲ್ಲಿ ಕೆಂಪು ದಾರದಿಂದ ತೂಗುಹಾಕಿ, ಇದು ಯಾರದು ಎಂದು ಪೊಲೀಸರನ್ನೇ ಕೇಳುವ ಶಸ್ತ್ರ ವ್ಯಾಪಾರಿಯನ್ನು ನಿಮ್ಮ ಸೇವಾವಧಿಯಲ್ಲಿ ಇನ್ನೆಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ತಿಳಿಸಿ, ನಾನು ಸುಮ್ಮನಾಗುತ್ತೇನೆ. ಕಾನೂನಿನ ಕಣ್ಣಿಗೆ ಬಂದೂಕಿನ ಬಿಡಿಭಾಗವೂ ಬಂದೂಕೇ ಎಂದು ನೀವು ವಿವರಿಸಿದಿರಿ. ಸರಿ. ಹಾಗಾದರೆ ಆ ಬಂದೂಕು ಎಲ್ಲಿಂದಲೋ ಹೊರಟು, ಯಾವುದೋ ಊರಿನ ಕೌಂಟರಿನಲ್ಲಿ ತೂಗಿಸಿಕೊಂಡು, ಚೀಟಿ ಅಂಟಿಸಿಕೊಂಡು, ಗೋದಾಮುಗಳಲ್ಲಿ ಮಲಗೆದ್ದು, ಲಾರಿ ಬದಲಿಸಿ, ಸಿಂಧನೂರಿಗೆ ಬಂದು, ವ್ಯಾನು ಹತ್ತಿ ನಮ್ಮ ಕ್ರಾಸಿಗೆ ಇಳಿಯುವ ತನಕ ಯಾರ ಕಣ್ಣಿಗೂ ಬೀಳಲಿಲ್ಲವೇ? ಬಸ್ಸಿನಲ್ಲಿ ಕೋಳಿ ಒಯ್ದರೆ ಕಂಡಕ್ಟರು ಟಿಕೆಟ್ ಕೇಳುತ್ತಾನೆ. ಹೊಲಕ್ಕೆ ನುಗ್ಗುವ ಹಂದಿ ಓಡಿಸಲೆಂದು ಲೈಸೆನ್ಸ್ ಪಡೆದ ನಮ್ಮೂರಿನ ಹಳೆಯ ರೈತರು ಚುನಾವಣೆ ಬಂದಾಗಲೆಲ್ಲ ತಮ್ಮ ತುಕ್ಕು ಹಿಡಿದ ನಾಡಬಂದೂಕನ್ನು ಹೆಗಲ ಮೇಲೆ ಹೊತ್ತು ತಂದು ನಿಮಗೆ ಒಪ್ಪಿಸುತ್ತಾರೆ. ಬಂದೂಕು ಇಡಿಯಾಗಿ ಬಂದರೆ ಇಷ್ಟು ಕಾವಲು, ತುಂಡಾಗಿ ಡಬ್ಬದೊಳಗೆ ಬಂದರೆ ಮನೆಬಾಗಿಲ ಸೇವೆ!

ಕೊರಿಯರ್ ಶಾಖೆಯ ವ್ಯವಸ್ಥಾಪಕರನ್ನು ನೀವು ಕರೆಸಿದ ದಿನ ನಾನೂ ಠಾಣೆಯಲ್ಲಿದ್ದೆ. ಅವರಿಗೆ ಕುರ್ಚಿ ಕೊಟ್ಟಿರಿ. "ನಾವು ಡಬ್ಬ ಸಾಗಿಸುತ್ತೇವೆ ಸರ್. ಒಳಗೆ ಏನಿದೆ ಎನ್ನುವುದು ನಮಗೆ ತಿಳಿದಿರುವುದಿಲ್ಲ" ಎಂದರು ಅವರು. ನೀವು ತಲೆಯಾಡಿಸಿ ಬರೆದುಕೊಂಡಿರಿ. ಅವರು ಚಹಾ ಕುಡಿದು ಹೋದರು. ಆಮೇಲೆ ಬೆಂಚಿನ ಮೇಲಿದ್ದ ಲಾಲ್‌ಬೀಯನ್ನು ಕರೆದಿರಿ. "ಡಬ್ಬಿ ಇಟಗೋತೀನ್ರೀ ಅಷ್ಟ. ಒಳಗ ಏನೈತಿ ನನಗ್ಯಾಂಗ ಗೊತ್ತಾಗಬೇಕ್ರೀ?" ಎಂದಳು ಆಕೆ. "ಸುಳ್ಳು ಹೇಳಾಕತ್ತೀಯೇನ?" ಎಂದು ಮೇಜು ಗುದ್ದಿದಿರಿ. ನಾನು ಕಲಿತ ವಿದ್ಯೆ ಸಣ್ಣದು. ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ಓದುವುದು. ಈ ಎರಡು ವಾಕ್ಯಗಳನ್ನು ಎಷ್ಟು ಸಲ ಓದಿದರೂ ನನಗೆ ಒಂದೇ ಅರ್ಥ ಸಿಗುತ್ತದೆ. ಒಂದು ಹೇಳಿಕೆಯಾದದ್ದು, ಇನ್ನೊಂದು ಸುಳ್ಳಾದದ್ದು ಹೇಗೆ? ಸಾಗಾಟಕ್ಕೆ ದುಡ್ಡು ತೆಗೆದುಕೊಂಡವರಿಗೆ ಒಳಗಿನದು ಗೊತ್ತಿರಬೇಕಿಲ್ಲ, ಪುಕ್ಕಟೆ ಇಟ್ಟುಕೊಂಡವಳಿಗೆ ಗೊತ್ತಿರಲೇಬೇಕು ಎಂಬುದು ಯಾವ ನ್ಯಾಯ?

ಕಳಿಸಿದವನ ಫೋನು ಸ್ವಿಚ್ ಆಫ್ ಎಂದು ನೀವು ಹುಡುಕಾಟ ನಿಲ್ಲಿಸಿದಿರಿ. ಪಡೆಯಬೇಕಿದ್ದವನು ತನ್ನ ಸಾಮಾನು ಬೀದಿಯಲ್ಲಿ ತೂಗಾಡುವುದನ್ನು ನೋಡಿ ಬಸ್ಸಿನಿಂದ ಇಳಿಯದೆಯೇ ಹೋಗಿರಬೇಕು. ಅವನು ಇನ್ನೂ ನಮ್ಮ ನಡುವೆ ಇದ್ದಾನೆ, ಬೇರೆ ಕ್ರಾಸಿನ ಬೇರೆ ಅಂಗಡಿಯ ಹೆಸರು ಬರೆಸುತ್ತಿದ್ದಾನೆ ಎಂಬ ಭಯ ನನಗಿದೆ, ನಿಮಗಿರುವಂತೆ ಕಾಣುವುದಿಲ್ಲ. ನಿಮ್ಮ ಕಾಗದದಲ್ಲಿ ಒಂದನೇ ಆರೋಪಿ ಪತ್ತೆಯಾಗದ ವಿರೇಶ, ಎರಡನೇ ಆರೋಪಿ ಲಾಲ್‌ಬೀ. ಪತ್ತೆಯಾದದ್ದೇ ಆಕೆಯ ಅಪರಾಧ.

"ನಿಮಗೂ ಆಕಿಗೂ ಏನ್ರೀ ಸಂಬಂಧ?" ಎಂದು ನೀವು ಕೇಳಿದಿರಿ. ಈಗ ಉತ್ತರಿಸುತ್ತೇನೆ. ನನ್ನ ಅಪ್ಪನ ಹೆಸರು ಪಕೀರಪ್ಪ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಮುದಗಲ್ಲಿನ ಮೊಹರಮ್ಮಿಗೆ ಹರಕೆ ಹೊತ್ತ ಮೇಲೆ ಹುಟ್ಟಿದನೆಂದು ಅಜ್ಜಿ ಅಪ್ಪನಿಗೆ ಫಕೀರನ ಆ ಹೆಸರಿಟ್ಟಳು. ನಮ್ಮ ಕಡೆ ಇಂಥ ಸಂಬಂಧಗಳಿಗೆ ಯಾರೂ ಕಾರಣ ಕೇಳುವುದಿಲ್ಲ. ಆ ಪ್ರಶ್ನೆ ಕೇಳುವಾಗ ನಿಮ್ಮ ದನಿ ಯಾಕೆ ತಗ್ಗಿತು ಎಂಬುದು ನನಗೆ ಗೊತ್ತಾಗಿದೆ; ಅದನ್ನು ಇಲ್ಲಿ ಬರೆದು ನಿಮಗೆ ಮುಜುಗರ ಮಾಡುವುದಿಲ್ಲ.

ಇನ್ನು ಪಂಚನಾಮೆಯ ಮಾತು. ಸಾಕ್ಷಿಯೆಂದು ನನ್ನ ಸಹಿಗಾಗಿ ನೀವು ಮುಂದಿಟ್ಟ ಹಾಳೆಯಲ್ಲಿ, ನಳಿಗೆಯು ಅಂಗಡಿಯ ಒಳಗೆ ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟ ಸ್ಥಿತಿಯಲ್ಲಿ ಸಿಕ್ಕಿತು ಎಂದಿದೆ. ಅದರಲ್ಲಿ ಮೊಳೆಯಿಲ್ಲ, ದಾರವಿಲ್ಲ, ಟೇಪು ಕತ್ತರಿಸಿದ ನಾನಿಲ್ಲ. ನಾನು ಪೆನ್ನು ಹಿಡಿದು ಕೂತೇ ಇದ್ದಾಗ ನೀವು ಮೆಲ್ಲಗೆ, "ಮಾಸ್ತರಿಕಿ ಲಿಸ್ಟಿನ್ಯಾಗ ಹೆಸರು ಬಂದದಂತಲ್ಲ? ಪೊಲೀಸ್ ವೆರಿಫಿಕೇಶನ್ ನಮ್ಮ ಕಡೀಂದನ ಹೋಗ್ತದ ನೋಡ್ರಿ" ಎಂದಿರಿ. ಅಪ್ಪನನ್ನು ಕೇಳಿ ಬರುತ್ತೇನೆಂದು ಎದ್ದು ಬಂದೆ.

ಅಪ್ಪ ಕಾಲುವೆ ಇಲಾಖೆಯ ಗ್ಯಾಂಗ್‌ಮನ್. ಸರ್ಕಾರಿ ಸಂಬಳದ ಬೆಲೆ ಗೊತ್ತಿರುವವನು. "ಸಹಿ ಮಾಡವ್ವಾ, ನೌಕರಿ ಮುಖ್ಯ" ಎಂದಾನು ಎಂದುಕೊಂಡಿದ್ದೆ. ಅವನಿಗಿಂತ ಮೊದಲು ಮಾತಾಡಿದವಳು ಅವ್ವ. "ನೌಕರಿ ಆರ್ಡರ್ ಟಪಾಲಿನ್ಯಾಗ ಬಂದ್ರ ಯಾರ ಹೆಸರಿಗೆ ಬರತದ ನಮ್ಮೂರಿಗೆ? ಆಕಿ ಹೆಸರಿಗೇ ಅಲ್ಲೇನ?" ಅಪ್ಪ ಆಗ ಹೇಳಿದ್ದು ಇಷ್ಟೇ: "ನಾ ಏನೂ ಹೇಳಂಗಿಲ್ಲ. ಓದಿದಾಕಿ ನೀ ಅದಿ."

ಆದ್ದರಿಂದ ಈ ಬಹಿರಂಗ ಒತ್ತಾಯ. ಲಾಲ್‌ಬೀಯ ಹೆಸರನ್ನು ಆರೋಪಿಗಳ ಸಾಲಿನಿಂದ ತೆಗೆದು ಸಾಕ್ಷಿಗಳ ಸಾಲಿಗೆ ಬರೆಯಿರಿ. ಅಂಗಡಿಯ ಮುದ್ರೆ ಒಡೆಸಿ, ಫೋನು ಹಿಂದಿರುಗಿಸಿ. ಆ ಡಬ್ಬವನ್ನು ಬುಕ್ ಮಾಡಿಸಿಕೊಂಡ ಕೌಂಟರಿನ ಕ್ಯಾಮೆರಾದಲ್ಲಿ ಯಾರ ಮುಖವಿದೆ, ಗುರುತಿನ ಚೀಟಿ ಕೇಳಿದರೇ, ಕಬ್ಬಿಣದ ಸಾಮಾನನ್ನು ಸ್ಕ್ಯಾನಿಂಗ್ ಯಂತ್ರದಡಿ ಯಾಕೆ ನೋಡಲಿಲ್ಲ ಎಂದು ಕುರ್ಚಿಯಲ್ಲಿ ಕೂತಿದ್ದವರನ್ನು ಕೇಳಿರಿ. ನಿಜವಾದ ವಿರೇಶನನ್ನು ಹುಡುಕಿರಿ. ಬಂದೂಕಿನ ತುಂಡುಗಳು ಪಾರ್ಸೆಲ್ಲಿನಲ್ಲಿ ಓಡಾಡುವುದು ಸಣ್ಣ ಸಂಗತಿಯಲ್ಲ. ಸಣ್ಣ ಸಂಗತಿಯಲ್ಲವಾದ್ದರಿಂದಲೇ, ಕೈಗೆ ಸಿಕ್ಕ ಬಳೆಗಾರ್ತಿಯೊಬ್ಬಳಿಂದ ಅದನ್ನು ಮುಗಿಸಿಬಿಡಬೇಡಿ.

ನಿಮ್ಮ ಹಾಳೆಗೆ ನಾನು ಸಹಿ ಹಾಕುವುದಿಲ್ಲ. ಸೋಮವಾರ ಮೊದಲ ಬಸ್ಸಿಗೆ ಲಾಲ್‌ಬೀಯ ಜೊತೆ ಲಿಂಗಸುಗೂರಿಗೆ ಹೋಗುತ್ತೇನೆ. ಡಬ್ಬ ಬಿಚ್ಚಿದ್ದು ನಾನು, ನಳಿಗೆಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿದ್ದು ನಾನು ಎಂದು ನ್ಯಾಯಾಧೀಶರ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ಆಕೆ ಆರೋಪಿಯೇ ಆದರೆ ಮೂರನೆಯ ಹೆಸರು ನನ್ನದೆಂದು ಬರೆದುಕೊಳ್ಳಿ ಎನ್ನುತ್ತೇನೆ. ವೆರಿಫಿಕೇಶನ್ನಿನಲ್ಲಿ ನಿಮಗೆ ತೋಚಿದ್ದನ್ನು ಬರೆಯಿರಿ. ಇದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ. ಎರಡು ದಿನದಿಂದ ಕಾಲುವೆಯ ಏರಿಯ ಮೇಲೆ ಒಬ್ಬಳೇ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ಆಚೆ ದಂಡೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು.

ಇಂತಿ,
ನಿಮ್ಮ ಪಂಚನಾಮೆ ಕಾಣದೆ ಬಿಟ್ಟ ಎರಡು ಕೈಗಳ ಒಡತಿ,
ಅಮರೇಶ್ವರಿ
ಬನ್ನಿಗಿಡದ ಕ್ರಾಸ್, ಮಸ್ಕಿ ರೋಡ್