ನಾಬ್ ಮರೆತವರು

ಜೂನ್ 3, ಮಂಗಳವಾರ
ಇವತ್ತೂ ಇಪ್ಪತ್ತನಾಲ್ಕು ಕುರ್ಚಿ, ಇಪ್ಪತ್ತನಾಲ್ಕು ನೀರಿನ ಬಾಟಲಿ, ಇಪ್ಪತ್ತನಾಲ್ಕು ನಾಬ್. ಚಾನೆಲ್‌ನ ಹೊಸ ಸೀಸನ್ನಿಗೆ ಆರು ಧಾರಾವಾಹಿ ತಯಾರಾಗಿವೆ, ಉಳಿಯುವುದು ನಾಲ್ಕೇ. ಮೊದಲ ಕಂತು ನೋಡಿ ಅಭಿಪ್ರಾಯ ಹೇಳಲು ವೀಕ್ಷಕರನ್ನು ಕರೆಸುತ್ತಾರೆ. ಹಿಡಿಸಿದರೆ ಕೈಯಲ್ಲಿನ ನಾಬ್, ಅಂದರೆ ಗುಂಡಿ, ಬಲಕ್ಕೆ ತಿರುಗಿಸಬೇಕು, ಬೇಸರವಾದರೆ ಎಡಕ್ಕೆ. ಹನ್ನೊಂದು ವರ್ಷದಿಂದ ಇದನ್ನೇ ಒದರುತ್ತಿದ್ದೇನೆ. ನಿದ್ದೆಯಲ್ಲೂ ಒದರುತ್ತೇನಂತೆ — ಅತ್ತೆಯ ದೂರು.

ಮೊದಲನೆಯದು ಶ್ರೀಮಂತರ ಮನೆಯ ಜಗಳ. ನಾಬ್‌ಗಳು ತಿರುಗಿದ್ದೇ ತಿರುಗಿದ್ದು. ಎರಡನೆಯದು ಲಿಫ್ಟ್ ರಿಪೇರಿ ಮಾಡುವ ಹೆಂಗಸಿನ ಕಥೆ. ಆ ಕೆಲಸಕ್ಕೆ ಸೇರಿದಳೆಂದು ಅಪ್ಪ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದಾನೆ. ಈಗ ಅವನೇ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡಿದ್ದಾನೆ. ಬಾಗಿಲಿನ ಆಚೆ ಅವನು, ಈಚೆ ಇವಳು... ಕೋಣೆಯಲ್ಲಿ ಒಂದು ಕೆಮ್ಮೂ ಇಲ್ಲ. ಗೋಡೆಗೆ ಒರಗಿ ನಿಂತಿದ್ದ ನಾನೂ ಅತ್ತುಬಿಟ್ಟೆ.

ಜೂನ್ 4, ಬುಧವಾರ
ಲಿಫ್ಟ್ ಧಾರಾವಾಹಿಗೆ ಕತ್ತರಿಯಂತೆ! ಗ್ರಾಫ್ ಮೇಷ್ಟ್ರು — ಕಂಪ್ಯೂಟರಿನಲ್ಲಿ ವೀಕ್ಷಕರ ಮನಸ್ಸು ಅಳೆಯುವವರು, ಹೆಸರು ನಾನಿಟ್ಟಿದ್ದು — ಕಾಗದ ತೋರಿಸಿದರು.

"ನೋಡಿ, ಗೆರೆ ಮಲಗ್ಬಿಟ್ಟಿದೆ. ಯಾರಿಗೂ ಏನೂ ಅನ್ನಿಸಿಲ್ಲ."

"ಅಯ್ಯೋ ಸರ್, ನಾಬ್ ಇರೋದೇ ಮರೆತಿದ್ರು. ಹಿಂದಿನ ಸಾಲಿನ ಟೈಲರ್ ಅದನ್ನ ತೊಡೆ ಮೇಲಿಟ್ಟು ಕಣ್ಣು ಒರೆಸ್ಕೊಳ್ತಿದ್ದ. ನಾನೇ ನೋಡಿದೀನಿ."

"ನೀವು ನೋಡಿದ್ದನ್ನ ಕಂಪ್ಯೂಟರ್ ನೋಡಿಲ್ವಲ್ಲ. ನೀವು ನೀರು ಕೊಡಿ, ಸಾಕು."

ಮೈಯೆಲ್ಲ ಉರಿಯಿತು. ಕೊಟ್ಟೆ, ನೀರು.

ಜೂನ್ 9, ಸೋಮವಾರ
ನಾಲ್ಕು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳವಾಗುತ್ತಿತ್ತು. ನಿನ್ನೆ ಅತ್ತೆಗೆ ಎಲ್ಲ ಹೇಳಿದೆ.

"ಅಲ್ವೇ, ಊಟ ರುಚಿಯಾಗಿದ್ರೆ ಯಾರಾದ್ರೂ ಮಧ್ಯೆ ಬಾಯಿ ಬಿಡ್ತಾರಾ? ತಟ್ಟೆ ಕಿತ್ಕೊಂಡು ನೋಡು, ಆಗ ಗೊತ್ತಾಗುತ್ತೆ" ಅಂದರು.

ತಟ್ಟೆ ಕಿತ್ಕೊಂಡು ನೋಡು... ಬೆಳಿಗ್ಗೆ ಸೀದಾ ದೊಡ್ಡ ಮೇಡಂ ಕೋಣೆಗೆ ನುಗ್ಗಿದೆ. ಯಾವ ಧಾರಾವಾಹಿ ಉಳಿಯಬೇಕೆಂದು ಸಹಿ ಹಾಕುವವರು ಅವರೇ. ಹೊಸ ವೀಕ್ಷಕರಿಗೆ ಇನ್ನೊಂದು ಸಲ ತೋರಿಸಿ, ಲಿಫ್ಟಿನ ಬಾಗಿಲು ತೆರೆಯುವ ಮುಂಚೆ ನಿಲ್ಲಿಸಿ, ಮನೆಗೆ ಹೋಗಿ ಅನ್ನೋಣ ಎಂದೆ.

"ಎದ್ದು ಹೋದ್ರೆ?"

"ನಾನೂ ಅವರ ಹಿಂದೇನೇ ಹೋಗ್ತೀನಿ ಮೇಡಂ. ವಾಪಸ್ ಬರಲ್ಲ."

ಹಾಗೆ ಯಾಕಂದೆನೋ! ಹನ್ನೊಂದು ವರ್ಷದ ಕೆಲಸ. ಅತ್ತೆಗೆ ಇದನ್ನು ಮಾತ್ರ ಹೇಳಿಲ್ಲ.

ಜೂನ್ 12, ಗುರುವಾರ, ಮಧ್ಯಾಹ್ನ 3
ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಹೋಗಲಿ.

ಮೇಡಂ ಒಪ್ಪಿದ್ದರು, ಇವತ್ತು ಹೊಸ ಇಪ್ಪತ್ತನಾಲ್ಕು ಜನ ಬಂದರು. ಪರದೆಯಲ್ಲಿ ಅಪ್ಪ ಲಿಫ್ಟಿನ ಒಳಗಿನಿಂದ "ಮಗಳೇ" ಅಂದ. ಅವಳು ಸಲಾಕೆ ಎತ್ತಿದಳು. ಪರದೆ ಕಪ್ಪು. ದೀಪ ಹಾಕಿದೆ. "ಇಷ್ಟೇ. ಎಲ್ರೂ ಮನೆಗೆ ಹೋಗ್ಬಹುದು. ಗಿಫ್ಟ್ ಬಾಗಿಲ ಹತ್ರ ಇದೆ."

ಯಾರೂ ಏಳಲಿಲ್ಲ. ಹತ್ತು ಸೆಕೆಂಡ್... ಇಪ್ಪತ್ತು... ಮುಂದಿನ ಸಾಲಿನ ಅಜ್ಜಿಯೊಬ್ಬರು ಕೋಲು ಕುಟ್ಟಿದರು.

"ಏನಮ್ಮಾ, ತಮಾಷೇನಾ? ಮೊದ್ಲು ಬಾಗಿಲು ತೆಗೀರಿ! ಆ ಮನುಷ್ಯ ಇನ್ನೂ ಒಳಗೇ ಇದಾನೆ!"

ಕೋಣೆ ಸಂತೆಯಾಯಿತು. ಒಬ್ಬ ಡ್ರೈವರ್ "ಗಿಫ್ಟ್ ನೀವೇ ಇಟ್ಕೊಳ್ಳಿ" ಎಂದು ಕೂಗಿದ. ನಾಬ್‌ಗಳು ಕೈಜಾರಿ ನೆಲದಲ್ಲಿ ಬಿದ್ದಿದ್ದವು. ಗಾಜಿನ ಗೋಡೆಯ ಆಚೆ ಗ್ರಾಫ್ ಮೇಷ್ಟ್ರು — ಇಂಗು ತಿಂದ ಮಂಗ. ಪಕ್ಕದಲ್ಲಿ ದೊಡ್ಡ ಮೇಡಂ ನಗುತ್ತಾ ಕೈ ಬೀಸಿದರು: ಹಾಕಿ, ಹಾಕಿ. ಪರದೆಯಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಅಜ್ಜಿ ಸಮೇತ ಇಪ್ಪತ್ತನಾಲ್ಕು ಜನ ಎದ್ದು ಚಪ್ಪಾಳೆ ತಟ್ಟಿದರು. ಮೇಡಂ ಅಲ್ಲೇ, ನನ್ನೆದುರೇ ಸಹಿ ಹಾಕಿದರು.

ಗೆದ್ದೆ! ಇನ್ನೊಂದು ಸಲ ಬರೆಯುತ್ತೇನೆ, ನನ್ನ ಡೈರಿ, ಯಾರು ಕೇಳುವವರು? ಗೆದ್ದೆ!

ಮೇಷ್ಟ್ರು ತಾವೇ ಒಂದು ಬಾಟಲಿ ತಂದು "ನೀರು ಕುಡೀರಿ ಅಕ್ಕಾ" ಅಂದರು. ಒಳ್ಳೆಯವರೇ, ಪಾಪ. ಪೂರ್ತಿ ಕುಡಿದೆ.

ಆಗಸ್ಟ್ 18, ಸೋಮವಾರ, ಸಂಜೆ 7.20
ಇನ್ನು ಹತ್ತು ನಿಮಿಷಕ್ಕೆ ಲಿಫ್ಟ್ ಧಾರಾವಾಹಿಯ ಮೊದಲ ಕಂತು. ನನ್ನ ಕೆಲಸವೂ ಈಗ ಬೇರೆ — ವೀಕ್ಷಕರ ಮುಖ ನೋಡಿ ಬರೆಯುವುದು. ಮೇಷ್ಟ್ರ ಗೆರೆಯ ಜೊತೆ ನನ್ನದೂ ಒಂದು ಪುಟ ಹೋಗುತ್ತದೆ. ಇವತ್ತು ಅತ್ತೆಯ ಸರದಿ. ಅವರು ಏನಂದರೂ ಒಂದೂ ಬಿಡದೆ ಬರೆಯಬೇಕು.

7.34 — ಅತ್ತೆ: "ಗ್ರೀಸ್ ಮೆತ್ತೋ ಕೈ ಇಷ್ಟು ಬೆಳ್ಳಗಿರುತ್ತಾ?"

7.41 — ಅತ್ತೆ: "ಈ ಅಪ್ಪನಿಗೆ ನಾಲ್ಕು ಬಿಗೀಬೇಕು ಕಣೇ."

7.48 — ಲಿಫ್ಟ್ ನಿಂತಿತು. ಅತ್ತೆಯ ಮಾತೂ ನಿಂತಿತು. ಅವನು ಒಳಗಿನಿಂದ ಬಾಗಿಲು ತಟ್ಟು

8.05 — ಕೈಯಲ್ಲಿ ಪೆನ್ನು ಇರೋದೇ ಮರೆತಿದ್ದೆ.