ಬಿಡಲಿಕ್ಕೆಂದೇ ಇಟ್ಟ ಬೇಡಿಕೆ

ಇಳಕಲ್ಲ
೨೪ ಸಪ್ಟೆಂಬರ್ ೧೯೮೩

ಚಿರಂಜೀವಿ ತಮ್ಮ ಅಮಾತೆಪ್ಪನಿಗೆ ಅಕ್ಕ ಶಿವಬಸವ್ವನ ಆಶೀರ್ವಾದಗಳು.

ಇತ್ತ ನಾವು ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆಂದು ತಿಳಿ. ಬಾಗಲಕೋಟೆಯಿಂದ ನೀನು ಹಾಕಿದ ಕಾರ್ಡು ಮುಟ್ಟಿ ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಮನ್ನಿಸು. ಕೆಲಸವಿತ್ತು ಎಂದು ನೆವ ಹೇಳಬಹುದಿತ್ತು. ಆದರೆ ಹುನಗುಂದದ ಸಭೆಯಾದ ಮೇಲೆ ಆ ಶಬ್ದವನ್ನು ಯಾವ ಬಾಯಿಂದ ಆಡಲಿ? ನಾವು ಮಾಡುವುದು ಕೆಲಸವೇ ಅಲ್ಲ ಎಂದು ನೀವೆಲ್ಲ ಕೂಡಿ ಸಹಿ ಹಾಕಿದ್ದೀರಿ.

ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ. ಓಣಿಯಲ್ಲಿ ಮಗ್ಗದ ಸಪ್ಪಳ ಮತ್ತೆ ಕೇಳುತ್ತಿದೆ. ಪಕ್ಕದ ಮನೆಯ ಸುಭಾನಸಾಬ ಹೊಸ ಮಜೂರಿ ಬಂದ ಕೂಡಲೇ ಮಕ್ಕಳಿಗೆ ಅಂಗಿ ಹೊಲಿಸಿದ. ಅವನ ಮನೆಯ ಒಲೆ ಎರಡು ಹೊತ್ತೂ ಉರಿಯುತ್ತಿದೆ. ಅದು ನಿನ್ನ ಒಪ್ಪಂದದಿಂದಲೇ ಆದದ್ದು, ಇಲ್ಲವೆನ್ನಲಾರೆ. ಮುಷ್ಕರ ಮುಗಿದರೆ ಕೂಡಲಸಂಗಮಕ್ಕೆ ಬರುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳಲ್ಲ, ಓಣಿಯ ಹೆಂಗಸರ ಕೂಡ ಹೋಗಿ ಬಂದಳು. ನಿನ್ನ ಮಕ್ಕಳಿಗೆಂದು ಕಲ್ಲುಸಕ್ಕರೆ ತಂದು ಗಂಟು ಕಟ್ಟಿ ಇಟ್ಟಿದ್ದಾಳೆ. ಅವಳ ಬಲಗಣ್ಣು ಇನ್ನಷ್ಟು ಮಂಜಾಗಿದೆ.

ಇನ್ನು ನಿನ್ನ ಕಾರ್ಡು. ಹೊಸ್ತಿಲಲ್ಲಿ ನಿಂತೇ ಓದಿದೆ. ‘ಅಕ್ಕಾ, ಸಿಟ್ಟು ಬಿಡು. ಸಾರ್ವಜನಿಕ ಜೀವನದಲ್ಲಿ ಅನುಭವವೇ ದೊಡ್ಡದು. ಎರಡು ಬೇಡಿಕೆ ಇಡುವುದೇ ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಗೆಲ್ಲಲಿಕ್ಕೆ. ನಿನಗೂ ಮುಂದೆ ತಿಳಿಯುತ್ತದೆ’ ಎಂದು ಬರೆದಿದ್ದೀ. ಅಂಚೆಯ ಹುಲ್ಲಪ್ಪ ಇನ್ನೂ ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿ, “ಏನಬೇ ಶಿವಬಸಕ್ಕಾ, ಯಾರರ ಹೋದ್ರೇನು?” ಎಂದ.

“ಇಲ್ಲೋ ಮಾರಾಯ, ತಮ್ಮ ಬುದ್ಧಿ ಹೇಳ್ಯಾನ” ಎಂದೆ.

ಒಳಗೆ ಬಂದು ಕೂತೆ. ನಾವು ಸೋತೆವು ಎಂದು ತಿಳಿದಿದ್ದೆ ನೋಡು, ಅಷ್ಟು ದಿನ. ಸೋಲುವುದು ಹೋರಾಟದಲ್ಲಿ ಇದ್ದದ್ದೇ. ಆದರೆ ನಮ್ಮನ್ನು ಬಿಡಲಿಕ್ಕೆಂದೇ ಇಟ್ಟಿದ್ದರು, ಇಟ್ಟವನು ನೀನು ಎಂಬುದು ಆ ಕಾರ್ಡು ಓದುವತನಕ ನನ್ನ ತಲೆಗೆ ಹೊಳೆದಿರಲೇ ಇಲ್ಲ.

ನಿನಗೆ ಗೊತ್ತಿದ್ದದ್ದನ್ನೇ ಮತ್ತೆ ಬರೆಯುತ್ತೇನೆ, ಏಕೆಂದರೆ ಮರೆತವನ ಹಾಗೆ ಮಾತಾಡುತ್ತಿದ್ದೀ. ನಮ್ಮೂರ ಸೀರೆಯ ಒಡಲು ನೂಲು, ಸೆರಗು ಕೆಂಪು ರೇಶಿಮೆ. ಎರಡಕ್ಕೂ ಉದ್ದೆಳೆಯ ಹಾಸು ಬೇರೆ ಬೇರೆ. ಮಗ್ಗಕ್ಕೆ ಏರುವ ಮೊದಲು ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಒಬ್ಬಳು ಒಡಲಿನ ಎಳೆಯನ್ನು ಕೊಂಡಿ ಮಾಡಿ ಹಿಡಿಯುತ್ತಾಳೆ, ಎದುರಿಗೆ ಕೂತವಳು ರೇಶಿಮೆಯನ್ನು ಅದರೊಳಗೆ ಹಾಯಿಸುತ್ತಾಳೆ. ಒಬ್ಬಳಿಂದ ಆಗುವುದಿಲ್ಲ. ಪ್ರತಿ ಸೀರೆಗೂ ಹೊಸದಾಗಿ ಮಾಡಬೇಕು. ಅದಿಲ್ಲದೆ ಯಾವ ಶೂರ ನೇಕಾರನೂ ಲಾಳಿ ಎಸೆಯಲಾರ.

ನೀನೂ ಕೂತಿದ್ದೀ ಅಲ್ಲಿ. ಚಡ್ಡಿ ಹಾಕುವ ವಯಸ್ಸಿನಲ್ಲಿ ಅವ್ವನ ಎದುರಿಗೆ ಕೂತು ರೇಶಿಮೆ ಹಾಯಿಸುತ್ತಿದ್ದವನು ನೀನೇ. ತೂಕಡಿಸಿದರೆ ಅವ್ವ ಕೊಂಡಿ ಬಿಡದೆ ಕಾಲಿನಿಂದಲೇ ತಿವಿಯುತ್ತಿದ್ದಳು. “ಏಳಲೇ ಅಮಾತ್ಯಾ, ಸೆರಗು ಇಲ್ಲದ ಸೀರಿ ಯಾರಿಗೆ ಉಡಸ್ತಿ, ನಿನ್ನ ಹೇಂತಿಗೇನು?” ನೀನು ಶಾಲೆಗೆ ಹೋದ ಮೇಲೆ ನಿನ್ನ ಜಾಗದಲ್ಲಿ ನಾನು ಕೂತೆ. ತುರ್ತು ಪರಿಸ್ಥಿತಿಯಲ್ಲಿ ನಿನ್ನನ್ನು ಜೈಲಿಗೆ ಹಾಕಿದಾಗ ಓಣಿಯ ಎಲ್ಲ ಮಗ್ಗಗಳ ಕೊಂಡಿ ನಾನೂ ಅವ್ವನೂ ಹಿಡಿದೆವು. ಆಗ ನಮ್ಮ ಕೈಗೆ ಬರುತ್ತಿದ್ದದ್ದು ಒಂದಿಷ್ಟು ಜೋಳ, ಒಂದಿಷ್ಟು ಮಾತು. ಆ ಜೋಳದಲ್ಲೇ ನಿನಗೆ ರೊಟ್ಟಿ ಕಟ್ಟಿ ಒಯ್ದೆವು.

ಹೊರಗೆ ಬಂದ ಮೇಲೆ ಬಾದಾಮಿಯಲ್ಲಿ ನಿನ್ನ ಭಾಷಣವಾಯಿತಲ್ಲ, ನೆನಪಿದೆಯೇ? ಮೈಕಿನ ಮಾತು ಕೆಂಪು ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು. “ನನ್ನನ್ನ ಸಾಕಿದ್ದು ಸರಕಾರ ಅಲ್ಲ, ಸಾವಕಾರ ಅಲ್ಲ! ನಮ್ಮವ್ವನ ಬೆರಳು! ಆ ಬೆರಳಿನ ದುಡಿಮಿ!” ಎಂದೆ. ಗುಡ್ಡವೂ ‘ದುಡಿಮಿ’ ಎಂದಿತು. ಎಷ್ಟು ಚಪ್ಪಾಳೆ! ನೀನು ಮುಖಂಡನಾದದ್ದು ಆವತ್ತು, ಆ ಬೆರಳಿನ ಮೇಲೆ ನಿಂತು. ಅದೇ ಬಾದಾಮಿಯಲ್ಲಿ ನಡೆದ ನೇಕಾರರ ಶಿಬಿರಕ್ಕೆ ಆಮೇಲೆ ನನ್ನನ್ನೂ ಕರೆದೊಯ್ದೆ. ಗಂಡನ ಮನೆ ಬಿಟ್ಟು ಬಂದು ಮೂಲೆ ಹಿಡಿದಿದ್ದ ನನಗೆ ಸಭೆಯಲ್ಲಿ ಎದ್ದು ನಿಲ್ಲುವುದನ್ನು ಕಲಿಸಿದವನು ನೀನು. ಎದುರಿನವರು ಕೇಳುವ ಮೊದಲ ಪ್ರಶ್ನೆಗೆ ಉತ್ತರವನ್ನು ಜೊತೆಗೇ ಒಯ್ಯಬೇಕು ಎಂದು ಹೇಳಿಕೊಟ್ಟವನೂ ನೀನೇ.

ಈ ಸಲ ಮುಷ್ಕರಕ್ಕೆ ಎರಡು ಬೇಡಿಕೆ ಎಂದು ನೇಕಾರರ ಸಮಿತಿಯಲ್ಲಿ ಎಲ್ಲರೂ ಕೂಡಿ ತೀರ್ಮಾನಿಸಿದೆವು. ಮಗ್ಗದ ಮಜೂರಿ ಏರಿಸಬೇಕು. ಕೊಂಡಿಯ ಮಜೂರಿಯನ್ನು ಬೇರೆಯಾಗಿ, ಕೊಂಡಿ ಹಾಕಿದವಳ ಕೈಯಲ್ಲೇ ಕೊಡಬೇಕು. ಮಗ್ಗ ನಿಂತವು. ನೂಲು ಕೊಟ್ಟು ಸೀರೆ ಒಯ್ಯುವ ಹೊಳಬಸಪ್ಪ ಸಾವಕಾರ ಏನು ಮಾಡಿದ? ಹೊರಗಿನಿಂದ ನೇಕಾರರನ್ನು ಲಾರಿಯಲ್ಲಿ ತುಂಬಿಕೊಂಡು ಬಂದ. ಮಗ್ಗಕ್ಕೆ ಇಳಿಯುವ ಗಂಡಸರು ಅವನಿಗೆ ಸಿಕ್ಕರು. ಕೊಂಡಿ ಹಾಕುವ ಹೆಂಗಸು ಒಬ್ಬಳೂ ಸಿಗಲಿಲ್ಲ. ಸುಭಾನಸಾಬನ ಹೆಂಡತಿ ಜುಲೇಖಾ, ಮೈಯಲ್ಲಿ ಜ್ವರವಿದ್ದವಳು, ಸಾವಕಾರನ ಆಳು ದುಡ್ಡು ಹಿಡಿದು ಬಾಗಿಲಿಗೆ ಬಂದರೆ, “ನಿನ್ನ ಸಾವಕಾರಗ ಹೇಳು, ಅವರವ್ವನ್ನ ಕರಕೊಂಬಂದು ಕುಂದರಸ್ಲಿ” ಎಂದು ಕದ ಹಾಕಿಕೊಂಡಳು. ಬಂದ ನೇಕಾರರು ಹಾಗೇ ತಿರುಗಿ ಹೋದರು. ಸಾವಕಾರ ಮಾತುಕತೆಗೆ ಬಂದದ್ದು ಅದಕ್ಕೆ, ತಮ್ಮ. ನಿನ್ನ ಅನುಭವಕ್ಕಲ್ಲ.

ಮಾತುಕತೆ ಹುನಗುಂದದ ಅಡತಿ ಅಂಗಡಿಯ ಮಾಳಿಗೆಯಲ್ಲಿ ಎಂದರು. ಊರು ಬಿಟ್ಟು ಇಟ್ಟರೆ ಹೆಂಗಸರು ಬರಲಾರರು ಎಂಬ ಲೆಕ್ಕ. ನಾವು ಬಸ್ಸು ಹತ್ತಿದೆವು. ಅವ್ವ ಟ್ರಂಕಿನಿಂದ ತನ್ನ ಕೆಂಪು ಸೆರಗಿನ ಸೀರೆ ತೆಗೆದು ಉಟ್ಟು, ವಿಭೂತಿ ಹಚ್ಚಿಕೊಂಡು ನನ್ನ ಪಕ್ಕ ಕೂತಿದ್ದಳು.

“ಏನ್ರಬೇ, ಬಸ್ ತುಂಬ ನೀವೇ ಅದೀರಿ, ಯಾರ ಮದಿವಿ?” ಎಂದ ಕಂಡಕ್ಟರ.

“ಸಾವಕಾರಂದು” ಎಂದಳು ಜುಲೇಖಾ. “ಈ ಸಲ ಹೆಣ್ಣಿನ ಕಡೆಯವರು ಭಾಳ ಮಂದಿ ಅದೀವಿ.”

ಬಸ್ಸೆಲ್ಲ ನಕ್ಕಿತು. ಅವ್ವ ಮಾತ್ರ ನಗಲಿಲ್ಲ. ಹೆದರಿದ್ದಾಳೆಂದು ತಿಳಿದು ಅವಳ ಕೈ ಹಿಡಿದುಕೊಂಡೆ.

ಮಾಳಿಗೆಯಲ್ಲಿ ಆದದ್ದನ್ನು ನೀನು ನಿನ್ನ ಅನುಭವದ ಕಣ್ಣಿನಿಂದ ನೋಡಿದ್ದೀ. ನನ್ನ ಕಣ್ಣಿನಿಂದಲೂ ನೋಡು. ನಡುವೆ ಎರಡೂ ಕಡೆಯವರು ಒಪ್ಪಿದ ಮಧ್ಯಸ್ಥ, ಹಿರಿಯ ವಕೀಲ ಕಾಶಪ್ಪನವರು. ಸಾವಕಾರ ಎಲೆ ಅಡಿಕೆ ಅಗಿಯುತ್ತ ಶುರುಮಾಡಿದ: “ಕೊಂಡಿ ಅಂದ್ರ ಏನ್ರಿ ವಕೀಲ್ರ? ಮಧ್ಯಾಹ್ನ ಉಂಡು ಹೆಂಗಸರು ಎದುರಾಬದುರಾ ಕುಂತು ಮಂದಿ ಸುದ್ದಿ ಮಾತಾಡ್ತಾರ. ಮಾತಿನ ನಡುವ ಕೈ ಆಡಸ್ತಾರ. ಅದಕ್ಕ ಮಜೂರಿ ಕೊಟ್ರ ನಾಳೆ ರೊಟ್ಟಿ ಬಡದದ್ದಕ್ಕೂ ಕೇಳ್ತಾರ.”

“ಕೇಳ್ತೇವ್ರಿ, ಅದರ ಪಾಳಿನೂ ಬರ್ತೈತಿ” ಎಂದೆ ನಾನು. “ಲಾರಿ ತುಂಬ ನೇಕಾರರನ್ನ ತಂದಿದ್ರೆಲ್ಲಾ, ಆವಾಗ ನೀವೇ ಕುಂತು ಮಾತಾಡಕೋತ ಕೈ ಆಡಸಬೇಕಿತ್ತು. ಮಗ್ಗ ಯಾಕ ನಿಂತ್ವು?”

ಗಂಡಸರೂ ನಕ್ಕರು. ಕಾಶಪ್ಪನವರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಆ ಗಳಿಗೆಯಲ್ಲಿ ನಾವು ಗೆದ್ದಿದ್ದೆವು, ಅಮಾತೆಪ್ಪ. ಜುಲೇಖಾ ಹಿಂದಿನಿಂದ ನನ್ನ ಬೆನ್ನಿಗೆ ಗುದ್ದಿದಳು, ಖುಷಿಗೆ.

“ಮಾತು ಛಲೋ ಆತು” ಎಂದರು ಕಾಶಪ್ಪನವರು. “ಆದ್ರ ನನಗ ಅನುಭವಸ್ಥರ ಬಾಯಿಂದ ಕೇಳಬೇಕಾಗೇತಿ. ಹಿರಿಯರು ಯಾರರ ಅದಾರೇನು?”

ಮೊದಲ ಪ್ರಶ್ನೆಗೆ ಉತ್ತರವನ್ನು ನಾನು ಜೊತೆಗೇ ಒಯ್ದಿದ್ದೆ. ಅವ್ವನನ್ನು ಎಬ್ಬಿಸಿ ನಿಲ್ಲಿಸಿದೆ. ಇಳಕಲ್ಲಿನಲ್ಲಿ ನಮ್ಮವ್ವ ಗುರುಲಿಂಗವ್ವನ ಕೊಂಡಿಗಿಂತ ಹಳೆಯ ಕೊಂಡಿ ಇನ್ನೊಂದು ಇಲ್ಲ ಎಂಬುದು ಸಾವಕಾರನಿಗೂ ಗೊತ್ತು. ಆಗ ನೀನು ಎದ್ದೆ. “ನಾನೇ ಕೇಳ್ತೇನ್ರಿ, ಆಕಿ ನನ್ನ ತಾಯಿ” ಎಂದೆ. ಬಾದಾಮಿಯ ಆ ಮಾತು ಮತ್ತೆ ಹೊರಡುತ್ತದೆ ಎಂದು ನನ್ನ ಎದೆ ಉಬ್ಬಿತು. ನೀನು ಕೇಳಿದ್ದು ಇದು:

“ಯವ್ವಾ, ಇದ್ದದ್ದು ಇದ್ದಂಗ ಹೇಳು. ನೀ ಮಜೂರಿ ಮಾಡೀಯೋ, ಮನ್ಯಾಗ ಇದ್ದೀಯೋ?”

“ನಾ ಎಲ್ಲಿ ಮಜೂರಿ ಮಾಡೀನಪಾ? ಮನ್ಯಾಗ ಕುಂತಾಕಿ ನಾ.”

“ಯವ್ವಾ, ಕೊಂಡಿ?” ಎಂದು ನಾನು ಕೂಗಿದೆ. “ಕೊಂಡಿ ಹಾಕಿಲ್ಲೇನ ನೀ?”

ಅವಳು ನನ್ನ ಕಡೆ ತಿರುಗಲಿಲ್ಲ. “ಅದೇನ್ ಕೆಲಸನವ್ವಾ. ಕಸಾ ಹೊಡದಂಗ, ನೀರು ತಂದಂಗ” ಎಂದಳು.

ಕಾಯಕದ ಹೆಸರು ಹೇಳದೆ ಎಡೆಗೆ ಕೈ ಹಾಕದ ಮನೆ ನಮ್ಮದು. ಆ ಮನೆಯ ಹಿರಿಯಳು ಪರ ಊರಿನ ಮಾಳಿಗೆಯಲ್ಲಿ ನಿಂತು, ತಾನು ಬದುಕಿನಲ್ಲಿ ಏನೂ ಮಾಡಲಿಲ್ಲ ಎಂದು ಮಂದಿಯ ಎದುರು ಹೇಳಿದಳು. ಹೇಳುವಾಗ ಅವಳ ಬೆರಳುಗಳು ಸೆರಗಿನ ಅಂಚಿನಲ್ಲಿ ಆಡುತ್ತಿದ್ದವು. ಇಲ್ಲದ ಎಳೆಯನ್ನು ಕೊಂಡಿ ಮಾಡುತ್ತಿದ್ದವು, ಬಿಡುತ್ತಿದ್ದವು. ನಾನು ನೋಡಿದೆ. ನೀನೂ ನೋಡಿದೆ. ನೋಡಿ, ಕಣ್ಣನ್ನು ಕಾಗದಕ್ಕೆ ಇಳಿಸಿದೆ.

“ಹಿರಿಯರ ಬಾಯಿಂದನ ಬಂತು ನೋಡ್ರಿ” ಎಂದ ಸಾವಕಾರ.

“ಸಮಿತಿ ಎರಡನೇ ಬೇಡಿಕಿ ಹಿಂದಕ್ಕ ತಗೋತೈತಿ” ಎಂದೆ ನೀನು. ಇಷ್ಟೇ. ಒಬ್ಬರನ್ನೂ ಕೇಳಲಿಲ್ಲ. ಕೂಡಿ ತೀರ್ಮಾನಿಸಿದ್ದನ್ನು ಒಬ್ಬನೇ ಬಿಟ್ಟೆ.

ತಿರುಗಿ ಬರುವಾಗ ಅದೇ ಕಂಡಕ್ಟರ. ಮುಖಗಳನ್ನು ನೋಡಿ ಸುಮ್ಮನೆ ಚೀಟಿ ಹರಿದುಕೊಟ್ಟ. ಇಳಿಯುವಾಗ ಜುಲೇಖಾ ನನಗೆ ಕೇಳುವ ಹಾಗೆ, “ನಡೀರಬೇ, ಮನಿಗೆ ಹೋಗಿ ಕುಂದರೂಣು. ಹುಟ್ಟಿದಾಗಿಂದ ಕುಂತಿದ್ದೇ ಬಂತು” ಎಂದಳು. ಅವಳು ಈಗ ನನ್ನ ಎದುರಿಗೆ ಕೂರುವುದಿಲ್ಲ. ಅವರ ಮಗ್ಗಕ್ಕೂ ನಮ್ಮ ಮಗ್ಗಕ್ಕೂ ನಾವಿಬ್ಬರೇ ಕೊಂಡಿ ಹಾಕುತ್ತಿದ್ದವರು. “ನಿಮ್ಮ ಮನಿ ಮಂದಿ ಮುಂದ ಒಂದು, ಹಿಂದ ಒಂದು” ಎಂದು ಬೇರೆಯವಳನ್ನು ಕೂಡಿಸಿಕೊಂಡಳು. ತಪ್ಪೇನಿದೆ? ನಮ್ಮ ಮಗ್ಗದ ಹಾಸು ಹಾಗೇ ಬಿದ್ದಿದೆ. ಅಪ್ಪ ಹೋದ ಮೇಲೆ ಆ ಮಗ್ಗ ನಿನ್ನ ಹೆಸರಿಗಿದೆ, ನೇಯುವವಳು ನಾನು. ಏರಿದ ಮಜೂರಿಯೂ ನಿನ್ನ ಹೆಸರಿಗೇ ಬರುತ್ತದೆ. ಅದನ್ನು ನೀನು ನಮಗೆ ಬಿಟ್ಟಿದ್ದೀ. ನಾನು ನೇಯ್ದದ್ದನ್ನು ನನಗೇ ಬಿಟ್ಟಿದ್ದಕ್ಕೆ ಓಣಿಯಲ್ಲಿ ನಿನ್ನನ್ನು ಹೊಗಳುತ್ತಾರೆ.

ಗಂಡಸರ ಹೊಟ್ಟೆ ಹಸಿದಿತ್ತು, ಇನ್ನೊಂದು ವಾರ ತಡೆಯುತ್ತಿರಲಿಲ್ಲ ಎಂದು ನೀನು ಹೇಳಬಹುದು. ಆ ಹಸಿವಿನಲ್ಲಿ ನಮ್ಮ ಪಾಲು ಇರಲಿಲ್ಲವೇ? ನಮ್ಮನ್ನು ಕೂಡಿಸಿ, ಹೀಗಾಗಿದೆ, ಏನು ಮಾಡೋಣ ಎಂದು ಕೇಳಿದ್ದರೆ ನಾವೇ ಬಿಡುತ್ತಿದ್ದೆವೋ ಏನೋ. ಬಿಟ್ಟವರು ನಾವು ಎಂದಾದರೂ ಆಗುತ್ತಿತ್ತು.

ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಮಂದಿ ಗಂಡಸರನ್ನು ಕಂಡು ಹೆದರಿ ಬಾಯಿಗೆ ಬಂದದ್ದು ಹೇಳಿದಳು. ನಿನ್ನ ಮೇಲಿನ ಸಿಟ್ಟು ಆರುವುದಿಲ್ಲ. ನಾನು ಮನೆ ಮನೆಯ ಬಾಗಿಲು ತಟ್ಟುತ್ತೇನೆ, ಮೊದಲು ಜುಲೇಖಾಳದು. ಮುಂದಿನ ಸಲ ಹೆಂಗಸರು ಒಂದೇ ಬೇಡಿಕೆ ಇಡುತ್ತೇವೆ, ನಿಮ್ಮ ಅನುಭವಕ್ಕೆ ಬಿಟ್ಟುಕೊಡಲು ಇನ್ನೊಂದು ಸಿಗದ ಹಾಗೆ.

ನಿನ್ನ ಹೆಂಡತಿ ಗುರುಸಿದ್ದವ್ವನಿಗೆ, ಮಕ್ಕಳಿಗೆ ನನ್ನ ಆಶೀರ್ವಾದ. ಮಕ್ಕಳು ಉಂಡು ತಿಂದು ಗಟ್ಟಿಯಾಗಿರಲಿ. ನಿನಗೂ ಸಂಗಮನಾಥ ಒಳ್ಳೆಯದು ಮಾಡಲಿ. ಇದನ್ನು ಮನಸ್ಸಿನಿಂದಲೇ ಬರೆದಿದ್ದೇನೆ. ನೀನು ನನ್ನ ತಮ್ಮ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.

ಇಂತಿ ನಿನ್ನ ಅಕ್ಕ
ಶಿವಬಸವ್ವ

ತಾ.ಕ.: ಪಾಕೀಟು ಮುಚ್ಚುವ ಮೊದಲು ಅವ್ವನನ್ನು ಕೇಳಿಬಿಟ್ಟೆ. “ಯವ್ವಾ, ಆವತ್ತ ಅಷ್ಟು ಮಂದಿ ನೋಡಿ ಹೆದರಿದೇನು?”

“ಹೆದರಾಕ ಅವರೇನ್ ಹುಲೀನಾ?” ಎಂದಳು. “ಹಿಂದಿನ ದಿನ ಅಮಾತೆಪ್ಪ ಬಂದಿದ್ದ. ನೀ ಹೆಂಗಸರನ್ನ ಕೂಡಸಾಕ ಹೋಗಿದ್ದಿ. ಬಂದು ನನ್ನ ತೊಡಿ ಮ್ಯಾಲ ತಲಿ ಇಟ್ಟ. ‘ಹಿಂಗ ಹೇಳಬೇ, ಇಲ್ಲಾಂದ್ರ ಮುಷ್ಕರಾನೂ ಮುರೀತೈತಿ, ನನ್ನ ಹೆಸರೂ ಹೋಗ್ತೈತಿ’ ಅಂದ. ಎಂದೂ ಕೇಳದ ಮಗ ಕೇಳಿದ. ಕೊಟ್ಟೆ.”

ಬಸ್ಸಿನಲ್ಲಿ ನಾನು ಅವಳ ಕೈ ಹಿಡಿದಾಗ ಅವಳಿಗೆ ಎಲ್ಲ ಗೊತ್ತಿತ್ತು, ತಮ್ಮ. ಟ್ರಂಕಿನಿಂದ ಸೀರೆ ತೆಗೆಯುವಾಗಲೂ ಗೊತ್ತಿತ್ತು.

“ಮತ್ತ ನಾನು?” ಎಂದೆ. “ನಾ ನಿನಗ ಯಾರು?”

ಅವಳು ಖರೇನೇ ವಿಚಾರ ಮಾಡಿದಳು. “ನೀ ಎಂದೂ ಏನೂ ಕೇಳಿಲ್ಲಲ್ಲವ್ವಾ” ಎಂದಳು.

ಆಮೇಲೆ, “ಜುಲೇಖಾ ಬರಲ್ಲಂದ್ರ ಬಿಡು, ನಾ ಕುಂದರ್ತೇನಿ” ಎಂದು ಹಾಸಿನ ಆ ಬದಿಗೆ ಬಂದು ಕೂತಳು. ಮಂಜು ಕಣ್ಣಿನಿಂದ ತಡಕಾಡಿ ಒಂದು ಎಳೆ ಹಿಡಿದು, ಕೊಂಡಿ ಮಾಡಿ ನನ್ನ ಕಡೆ ಚಾಚಿದಳು. ರೇಶಿಮೆಯ ಎಳೆ ನನ್ನ ಕೈಯಲ್ಲೇ ಇತ್ತು. ಅವಳು ಹಿಡಿದುಕೊಂಡೇ ಕೂತಿದ್ದಳು. ನನಗೆ ಹಾಯಿಸಲಿಕ್ಕೆ ಆಗಲಿಲ್ಲ.